ಮಾತ್ರೆಗೆ ಜಾತಕ

ಔಷಧಿ ಅಂಗಡಿ ಇಟ್ಟವನು ನಗುವ ವಿಷಯ ಹುಡುಕಿಕೊಂಡು ಹೋಗಬೇಕಿಲ್ಲ. ತಾನಾಗಿಯೇ ಚೀಟಿ ಹಿಡಿದು ಬರುತ್ತದೆ. ಶಿಕಾರಿಪುರದಲ್ಲಿ ಕೂತು ಬಹಳ ನೋಡಿದ್ದೇನೆ. ಅಕ್ಕತಂಗಿ ಇಬ್ಬರದ್ದು ಮಾತ್ರ ಹೇಳುತ್ತೇನೆ.

೧

ತಂಗಿ ತೊಗರ್ಸಿಯವಳು. ಮಗುವಿಗೆ ಎರಡು ವರ್ಷ, ಇನ್ನೊಂದು ಈಗಲೇ ಬೇಡ. ಡಾಕ್ಟರು ಪರೀಕ್ಷೆ ಮಾಡಿ ದಿನಕ್ಕೊಂದು ಮಾತ್ರೆ ಬರೆದಿದ್ದರು. ಮೂರನೇ ತಿಂಗಳು ಬಂದು, "ನಡುನಡುವೆ ರಕ್ತ ಕಾಣಿಸ್ತದೆ" ಅಂದಳು.

ಮಾತ್ರೆಯ ಹಾಳೆ ನೋಡಿದೆ. ವಾರಕ್ಕೊಂದು ಗುಳಿಗೆ ಹಾಗೇ ಉಳಿದಿತ್ತು.

"ಸೋಮವಾರ ಶಿವನ ಉಪವಾಸ ಯಜಮಾನ್ರೆ. ಬಾಯಿಗೆ ನೀರೂ ಹಾಕಲ್ಲ."

"ದಿನಾ ಅಂದ್ರೆ ಸೋಮವಾರನೂ ಸೇರ್ತದೆ. ಒಂದೇ ಹೊತ್ತಿಗೆ ನುಂಗು. ಮರೆತರೆ ನೆನಪಾದ ತಕ್ಷಣ ನುಂಗು. ಎರಡು ದಿನ ತಪ್ಪಿದರೆ ಡಾಕ್ಟರನ್ನ ಕೇಳು."

"ಶಿವ ಸಿಟ್ಟಾದ್ರೆ?"

"ಶಿವ ಮಾಫಿ ಮಾಡ್ತಾನೆ. ಮಾತ್ರೆ ಮಾಡಲ್ಲ."

೨

ಆಮೇಲೆ ಅಕ್ಕ ಬಂದಳು, ಸೊರಬದಿಂದ. ಕೈಯಲ್ಲಿ ಅದೇ ಮಾತ್ರೆಯ ಖಾಲಿ ಹಾಳೆ. ಇಂಥದ್ದೇ ಬೇಕು ಅಂದಳು.

"ಚೀಟಿ?"

"ಚೀಟಿ ಎಲ್ಲೀದು? ತಂಗಿ ಕೊಟ್ಲು, ನುಂಗ್ದೆ. ಮನೇಲಿ ಹೆಪ್ಪಿಲ್ಲದಾಗ ಪಕ್ಕದ ಮನೇಲಿ ಈಸ್ಕೊಳ್ಳಲ್ವಾ, ಹಂಗೆ."

ವಯಸ್ಸು ಕೇಳಿದೆ. ನಲವತ್ತರ ಹತ್ತಿರ. ಬಿಪಿ ಕೇಳಿದೆ. ಗೊತ್ತಿಲ್ಲ. ತಲೆನೋವು?

"ಅರ್ಧ ತಲೆ ನೋಯ್ತದೆ. ಅದಕ್ಕೆ ಮುಂಚೆ ಕಣ್ಣ ಮುಂದೆ ಮಿಂಚು ಹೊಡೆದಂಗೆ ಆಗ್ತದೆ."

ಕೊಡಲ್ಲ ಅಂದೆ. ಎದುರಿನ ಆಸ್ಪತ್ರೆ ತೋರಿಸಿದೆ.

ಅವಳಿಗೆ ಸಿಟ್ಟು ಬಂತು. "ಮೂರನೇ ಹೆರಿಗೇಲೇ ಸತ್ತು ಬದುಕೀನಿ. ಇನ್ನೊಂದಾದ್ರೆ ಉಳಿಯಲ್ಲ ಅಂದಾರೆ. ಮಾತ್ರೆ ಕೇಳಿದ್ರೆ ಜಾತಕ ಕೇಳ್ತೀರಲ್ರೀ!"

"ಮದುವೆಗಿಂತ ಇದಕ್ಕೇ ಜಾತಕ ಜಾಸ್ತಿ ಬೇಕು" ಅಂದೆ.

೩

ಡಾಕ್ಟರು ನೋಡಿದರು. ಬಿಪಿ ಏರಿತ್ತು. ಆ ತಲೆನೋವಿಗೂ ಈ ಮಾತ್ರೆಗೂ ಆಗಿಬರುವುದಿಲ್ಲ, ರಕ್ತ ಗಡ್ಡೆ ಕಟ್ಟಿ ಲಕ್ವ ಹೊಡೆಯಬಹುದು, ಇವತ್ತೇ ನಿಲ್ಲಿಸು ಅಂದರು. ಬೇರೆ ಉಪಾಯಗಳನ್ನೂ ಹೇಳಿ, ಗಂಡನನ್ನು ಕರೆದುಕೊಂಡು ಬಾ ಅಂದರು.

ಮರುದಿನ ಗಂಡ ಬಂದ. ಮಕ್ಕಳಾಗದಂತೆ ಗಂಡಸಿಗೂ ಒಂದು ಸಣ್ಣ ಆಪರೇಷನ್ ಇದೆ, ಅದೇ ದಿನ ಮನೆಗೆ ಹೋಗಬಹುದು ಎಂದು ಅವನಿಗೆ ಹೇಳಿದರಂತೆ. ಇಬ್ಬರೂ ಬಿಪಿ ಮಾತ್ರೆಗೆ ನನ್ನ ಅಂಗಡಿಗೆ ಬಂದಾಗಲೂ ಅದೇ ಮಾತು ನಡೆದಿತ್ತು.

"ನಾಟಿ ಮುಗೀಲಿ, ನೋಡಾಣ" ಅಂದ.

"ನಾಟಿ ಮುಂದಿನ ವರ್ಷನೂ ಇರ್ತದೆ" ಅಂದಳು ಅವಳು. "ನಾನಿರ್ತೀನಾ?"

ನಾನು ಮಾತ್ರೆ ಕೊಟ್ಟೆ. ಅವನು ದುಡ್ಡು ಎಣಿಸುತ್ತಾ ನನ್ನನ್ನೇ ಕೇಳಿದ, "ಬಹಳ ನೋಯ್ತದಾ ಯಜಮಾನ್ರೆ?"

ಅವಳೇ ಹೇಳಿದಳು: "ಮೂರು ಹೆತ್ತೋಳು ಪಕ್ಕದಲ್ಲೇ ನಿಂತೀನಿ. ಅವರನ್ನ ಯಾಕೆ ಕೇಳ್ತೀರಿ?"

೪

ಮಾಡಿಸಿಕೊಂಡ. ನಾಟಿಗೆ ಮುಂಚೆಯೇ. ಕೆಲವು ದಿನ ಬಿಟ್ಟು ಸೊರಬಕ್ಕೆ ಹೋದಾಗ ನೋಡಿ ಬರೋಣವೆಂದು ಅವರ ಮನೆಗೆ ಹೋದೆ.

ನಡುಮನೆಯಲ್ಲಿ ಮಂಚ. ಮಂಚದ ಕೆಳಗೆ ಕೆಂಡದ ಬಾಣಲೆ. ಮೇಲೆ ಗಂಡ. ತಲೆಗೆ ಬಟ್ಟೆ ಬಿಗಿದಿತ್ತು, ಎರಡೂ ಕಿವಿಯಲ್ಲಿ ಹತ್ತಿ. ಪಕ್ಕದಲ್ಲಿ ಅವನ ತಾಯಿ ಮೆಣಸಿನ ಸಾರಿಗೆ ತುಪ್ಪ ಬಿಡುತ್ತಿದ್ದರು.

"ಮೂರು ತಿಂಗಳು ಬಸಿರಾಗದ ಹಾಗೆ ಜೋಪಾನ, ಆಮೇಲೆ ಪರೀಕ್ಷೆ ಅಂತ ಹೇಳಿದಾರಾ?" ಅಂತ ಕೇಳಿದೆ.

ಹತ್ತಿಯಿಂದ ಅವನಿಗೆ ಕೇಳಿಸಲಿಲ್ಲ. "ಹೇಳಿದಾರೆ, ನನಗೆ ನೆನಪದೆ" ಅಂತ ಹೆಂಡತಿ ಒಳಗಿಂದ ಬಂದಳು. ಬಿಪಿ ಇಳಿದಿದೆ ಅಂದಳು. ಮುಖವೂ ಹಗುರಾಗಿತ್ತು.

ನಾನು ಮಂಚದ ಕಡೆ ನೋಡಿದೆ. "ಎರಡು ದಿನ ಸುಧಾರಿಸಿಕೊಂಡ್ರೆ ಸಾಕಲ್ವಾ ಇದಕ್ಕೆ?"

"ನೀವಾದ್ರೂ ಹೇಳಿ ಯಜಮಾನ್ರೆ. ಮೂರು ಹೆತ್ತೆ. ಪ್ರತಿ ಸಲ ಹನ್ನೊಂದನೇ ದಿನಕ್ಕೆ ನನ್ನ ಕೈಗೆ ಕಸಬರಿಗೆ ಕೊಟ್ರು. ಇವರದ್ದು ಇವತ್ತಿಗೆ ಹದಿನಾರು."

ಅತ್ತೆ ತುಪ್ಪದ ಮಿಳ್ಳೆ ಕೆಳಗಿಟ್ಟು ಸೊಸೆಯ ಕಡೆ ತಿರುಗಿದರು.

"ನಿಂಗೆ ಅಭ್ಯಾಸ ಇತ್ತು ಕಣೇ. ಅವನಿಗೆ ಚೊಚ್ಚಲು."