ಕಾರ್ಟೂನಿನ ಅರ್ಧ ದೆವ್ವದ ಒಂದು ಶಕ್ತಿ ಕಡಿತಗೊಳಿಸುವ ಕುರಿತು

ಇಂದ,
ಹೊನ್ನ ಬೊಮ್ಮಯ್ಯ ಗೌಡ,
ತೆಂಗಿನಕಾಯಿ ಕೊಯ್ಯುವವ (ಓದಿದ್ದು ಎರಡನೇ ಇಯತ್ತೆ, ಅರ್ಧ),
ಹೊಳನಗದ್ದೆ.

ಗೆ,
ಶ್ರೀ ರಮಾನಂದ ಅವರು,
ಕೇಬಲ್ ಟಿವಿ ಮಾಲೀಕರು, ಕುಮಟಾ.

ವಿಷಯ: ಸಂಜೆ ಐದರ ಕಾರ್ಟೂನಿನ ಖಳನಿಂದ ನನಗಾದ ಹಾನಿ.
ಉಲ್ಲೇಖ: ದಿನಾಂಕ 9-5-2007ರಂದು ನಾನು ಬಚ್ಚಲ ತಟ್ಟಿಯಲ್ಲಿ ಸಿಕ್ಕಿಬಿದ್ದದ್ದು.

ಮಾನ್ಯರೇ,

ಇದೆಲ್ಲ ನಡೆದದ್ದೇ ಎಂದು ನಾನು ಹತ್ತಿದ ಅಷ್ಟೂ ತೆಂಗಿನಮರಗಳ ಆಣೆ. ನಾನು ಹತ್ತಿ ಬಿದ್ದ ಎರಡು ಮರಗಳನ್ನು ಇದರಲ್ಲಿ ಸೇರಿಸಿಲ್ಲ.

೧. ಮೊಮ್ಮಗಳು ಧನ್ಯಾ ಪ್ರತಿ ರಜೆಗೆ ಮುಟ್ಟಳ್ಳಿಯಿಂದ ಬಂದು, ನನ್ನ ಕಾಗಾಲದ ದೆವ್ವದ ಕಥೆಗೆ ಹೆದರಿ, ನನ್ನ ಪಂಚೆಯ ತುದಿ ಹಿಡಿದೇ ಕೂರುತ್ತಿದ್ದಳು. ಈ ವರ್ಷ ತಮ್ಮ ಕೇಬಲ್ಲಿನಲ್ಲಿ ಅರ್ಧ ಮನುಷ್ಯ, ಅರ್ಧ ದೆವ್ವ ಆಗಿರುವ ಖಳನೊಬ್ಬ ಬಂದಿದ್ದಾನೆ. ಗೋಡೆ ದಾಟುತ್ತಾನೆ, ಮಾಯವಾಗುತ್ತಾನೆ, ಒಬ್ಬನೇ ನಾಲ್ವರಾಗುತ್ತಾನೆ.

"ಅಜ್ಜಾ, ನಿನ್ನ ದೆವ್ವ ಎಂತ ಮಾಡ್ತದೆ?"

"ಎಲೆಗೆ ಸುಣ್ಣ ಕೇಳ್ತದೆ."

"ಅಷ್ಟೇಯಾ?"

೨. ಸದರಿ ಅವಮಾನದ ಕಾರಣ, ನಾನೂ ಅರ್ಧ ದೆವ್ವವೇ, ಗೋಡೆ ದಾಟುತ್ತೇನೆ ಎಂದುಬಿಟ್ಟೆ. "ತೋರ್ಸು" ಎಂದಳು. ಕಲ್ಲಿನ ಗೋಡೆ ನನ್ನ ಮೈಗೆ ಒಗ್ಗದು. ಆದ್ದರಿಂದ ತೆಂಗಿನ ಮಡಲು ಹೆಣೆದು ಗೋಡೆಯಂತೆ ಕಟ್ಟಿದ ಬಚ್ಚಲ ತಟ್ಟಿಯನ್ನು ಆರಿಸಿ, ಮುಟ್ಟಿದರೆ ಬೀಳುವಂತೆ ಅದರ ಕಟ್ಟುಗಳನ್ನು ಮಧ್ಯಾಹ್ನವೇ ಬಿಚ್ಚಿಟ್ಟೆ. ಆದರೆ ನನ್ನ ಹೆಂಡತಿ ಕಮಲಿ ಇದನ್ನು ಕಂಡು, ಮಳೆಗಾಲ ಬಂತೆಂದು ಬಲೆಯ ಹಗ್ಗದಿಂದ ಎರಡು ಸುತ್ತು ಬಿಗಿದು, ಒಳಗೆ ಸ್ನಾನಕ್ಕೆ ಕೂತಿದ್ದಳು. ಈ ಬಗ್ಗೆ ನನಗೆ ಲಿಖಿತ ಸೂಚನೆ ಇರಲಿಲ್ಲ.

೩. ಓಡಿಬಂದು ನುಗ್ಗಿದೆ. ಸೊಂಟದವರೆಗೆ ದಾಟಿದೆ. ಉಳಿದದ್ದು ಅಂಗಳದಲ್ಲೇ ಉಳಿಯಿತು.

"ಹೋಯ್, ಈ ವಯಸ್ಸಲ್ಲಿ ಇದೆಂತಾ ಹುಚ್ಚು ನಿಮ್ಗೆ!" ಎಂದು ಕಮಲಿ ತಂಬಿಗೆ ಬಿಸಿನೀರನ್ನು ಮುಖಕ್ಕೇ ಎರಚಿದಳು.

ಹೊರಗಿನಿಂದ ಧನ್ಯಾ, "ಅಜ್ಜಾ, ಅವ ಪೂರಾ ದಾಟ್ತಾ" ಎಂದವಳೇ ಟಿವಿಯ ಮುಂದೆ ಹೋದಳು. ಐದಾಗಿತ್ತು. ಅಂದಿನಿಂದ ಅವಳು ಕಥೆ ಕೇಳಿಲ್ಲ. ಭಾನುವಾರ ಊರಿಗೆ ಹೊರಡುತ್ತಾಳೆ.

೪. ಆದ್ದರಿಂದ ಸದರಿ ಖಳನ ಗೋಡೆ ದಾಟುವ ಶಕ್ತಿಯನ್ನು ಶನಿವಾರದೊಳಗೆ ತೆಗೆಸಬೇಕು. ಮಾಯವಾಗುವುದು ಇರಲಿ. ಕಟ್ಟಿಗೆ ಒಡೆಯುವ ಹೊತ್ತಿಗೆ ಅದು ನನಗೂ ಬರುತ್ತದೆ, ಕಮಲಿಯೇ ಸಾಕ್ಷಿ.

ಇದು ತಮ್ಮ ಕೈಯಲ್ಲಿ ಇಲ್ಲದಿದ್ದಲ್ಲಿ, ವೈರು ನೋಡುವ ನೆಪದಲ್ಲಿ ಮನೆಗೆ ಬಂದು, ನಾನು ತಮ್ಮ ಆಫೀಸಿನ ಗೋಡೆ ದಾಟಿದ್ದನ್ನು ಕಂಡಿದ್ದಾಗಿ ಧನ್ಯಾಳಿಗೆ ಹೇಳಬೇಕು. ಆ ದೆವ್ವವನ್ನು ವೈರಿನಲ್ಲಿ ತರುವವರು ತಾವೇ ಎಂದು ಅವಳು ನಂಬಿರುವ ಕಾರಣ, ತಮ್ಮ ಮಾತು ನಡೆಯುತ್ತದೆ.

ತಮ್ಮ ವಿಶ್ವಾಸಿ,
ಹೊನ್ನ (ಪೂರ್ತಿ ಮನುಷ್ಯ, ಗುಟ್ಟಾಗಿರಲಿ)

ಲಗತ್ತು:
೧. ನನ್ನ ಬೆನ್ನಿನಿಂದ ಕಿತ್ತ ಮಡಲಿನ ಕಡ್ಡಿ, ಎರಡು.
೨. ತಾವು ಕಣ್ಣಾರೆ ಕಂಡ ಬಗ್ಗೆ ತಮ್ಮ ಹೇಳಿಕೆ, ನಾನೇ ಬರೆದದ್ದು. ಸಹಿ ಬಾಕಿ ಇದೆ.

ವಿ.ಸೂ.: ಹೇಳುವಾಗ ತಾವು ಸ್ವಲ್ಪ ನಡುಗಬೇಕಾಗಿ ವಿನಂತಿ.