ಜಡ್ಜಮ್ಮನ ಬೀರುವಿನ ಅಳತೆ ಬ್ಲೌಸುಗಳು

ಊರಿನವರ ಮಾನ ಮುಚ್ಚೋ ಬಟ್ಟೆ ಹೊಲಿಯೋಳು ನಾನು. ನನ್ನ ಮಾನ ಮಾತ್ರ ಹೋದಹೋದ ವೇದಿಕೆ ಮೇಲೆಲ್ಲ ಹರಾಜಾಗುತ್ತೆ. ಒಂದು ಸಲ ಆದರೆ ಗ್ರಹಚಾರ ಅನ್ನಬಹುದು. ನನಗೆ ನಾಲ್ಕು ತಾಲ್ಲೂಕಲ್ಲೂ ಆಗಿದೆ.

ಮಧುಗಿರಿ ಪೇಟೆಯಲ್ಲಿ ನನ್ನದು ಲೇಡೀಸ್ ಟೈಲರ್ ಅಂಗಡಿ. ಇಪ್ಪತ್ತೈದು ವರ್ಷದಿಂದ ಊರ ಹೆಂಗಸರ ಅಳತೆ ಬ್ಲೌಸುಗಳು ನನ್ನ ಬೀರುವಿನಲ್ಲೇ ಇರುತ್ತಿದ್ದವು. ಹೆಂಗಸು ಅಳತೆ ಬ್ಲೌಸು ಬಿಟ್ಟು ಹೋದಳು ಅಂದರೆ ನಂಬಿಕೆ ಇದೆ ಅಂತ ಅರ್ಥ. ವಾಪಸ್ ಕೇಳಿದಳು ಅಂದರೆ ಬೇರೆ ಟೈಲರ್ ಸಿಕ್ಕಿದಾನೆ ಅಂತ. ಹೋದ ವರ್ಷ ಎದುರುಗಡೆ ಒಬ್ಬ ಗಾಜಿನ ಬಾಗಿಲು ಹಾಕಿಸಿಕೊಂಡು ಅಂಗಡಿ ತೆಗೆದ. ಟೈಲರ್ ಅಂದರೆ ಅವನಿಗೆ ಸಿಟ್ಟು, ಡಿಸೈನರ್ ಅನ್ನಬೇಕಂತೆ. ಅವನು ಬಂದದ್ದೇ ಬಂದದ್ದು, ವಾರಕ್ಕೊಂದು ಬ್ಲೌಸು ನನ್ನ ಬೀರು ಬಿಟ್ಟು ರಸ್ತೆ ದಾಟಿತು. ಹೊಟ್ಟೆ ಉರಿಯಲಿಲ್ಲ ಅಂದರೆ ಸುಳ್ಳಾಗುತ್ತೆ.

ಅದೇ ಹೊತ್ತಿಗೆ ನಮ್ಮ ಕಡೆ 'ಕಸದಿಂದ ಉಡುಪು' ಸ್ಪರ್ಧೆಯ ಹುಚ್ಚು ಶುರುವಾಯಿತು. ಬೇಡದ ಸಾಮಾನಿನಲ್ಲಿ ಬಟ್ಟೆ ಮಾಡಿ, ತೊಟ್ಟುಕೊಂಡು, ವೇದಿಕೆ ಮೇಲೆ ನಡೆಯೋದು. ಜಡ್ಜ್ ಆಗಿ ಬನ್ನಿ ಅಂತ ನನ್ನನ್ನು ಕರೆದರು. ನಾಲ್ಕು ಜನರ ಬಾಯಲ್ಲಿ ಹೆಸರು ಬಂದರೆ ಹೋದ ಬ್ಲೌಸುಗಳು ವಾಪಸ್ ಬಂದಾವು ಅಂತ ಆಸೆಪಟ್ಟು ಹೊರಟೆ.

ಕೊರಟಗೆರೆ: ಪುರಿ ಲಂಗ

ಹಬ್ಬಕ್ಕೆ ತಂದು ಮಿಕ್ಕಿ ಮೆತ್ತಗಾದ ಕಡ್ಲೆಪುರಿಯನ್ನು ದಾರಕ್ಕೆ ಪೋಣಿಸಿ ಒಬ್ಬಳು ಲಂಗ ಮಾಡಿದ್ದಳು. ನೋಡಿದರೆ ಮಲ್ಲಿಗೆ ದಂಡೆ ಸುತ್ತಿದಂಗಿತ್ತು. ಇವಳಿಗೇ ಫಸ್ಟು ಅಂತ ನಾನು ಮನಸಲ್ಲೇ ಬರೆದುಕೊಂಡೆ. ನಡಿಗೆ ಮುಗಿಸಿದವಳನ್ನು ಮುಖ್ಯ ಅತಿಥಿಗಳ ಪಕ್ಕದ ಕುರ್ಚಿಯಲ್ಲಿ ಕೂರಿಸಿದರು. ಆಮೇಲೆ ಶುರುವಾದವು ನೋಡಿ ಭಾಷಣಗಳು. ಐದು ಜನ ಮಾತಾಡಿದರು, ಐವರೂ 'ಎರಡೇ ಮಾತಲ್ಲಿ ಮುಗಿಸುತ್ತೇನೆ' ಅಂದವರೇ.

ಕೊನೆಗೆ ಬಹುಮಾನಕ್ಕೆ ಅಂತ ಹುಡುಗಿ ಎದ್ದು ನಿಂತರೆ ಎಡಗಡೆ ಪೂರ್ತಿ ಬರೀ ದಾರ ನೇತಾಡುತ್ತಿದೆ! ಪಕ್ಕದಲ್ಲಿ ಮುಖ್ಯ ಅತಿಥಿಗಳು ಕೈ ಒರೆಸಿಕೊಳ್ಳುತ್ತಿದ್ದರು. ನಾನು ದುರುಗುಟ್ಟಿ ನೋಡಿದ್ದಕ್ಕೆ ಬಗ್ಗಿ ಮೆಲ್ಲಗೆ ಅಂದರು: "ಚೆನ್ನಾಗೈತೆ ಕಣಮ್ಮ. ಒಸಿ ಖಾರ ಬಿದ್ದಿದ್ರೆ ಇನ್ನೂ ಚೆನ್ನಾಗಿರೋದು."

ಶಿರಾ: ಹತ್ತಕ್ಕೆ ಹತ್ತು

ಶಿರಾದಲ್ಲಿ ನನ್ನ ಜೊತೆ ಇನ್ನೊಬ್ಬ ಜಡ್ಜ್, ಲೇಸ್ ಅಂಗಡಿ ಚಾಚಾ. ಮೂವತ್ತು ವರ್ಷ ಲೇಸು ಮಾರಿದ ಮನುಷ್ಯ. ಪೇಪರ್ ಸೀರೆ ಬಂತು, "ಲೇಸೇ ಇಲ್ಲ" ಅಂತ ಎರಡು ಅಂಕ. ಗೋಣಿ ಗೌನು ಬಂತು, "ಲೇಸ್ ಎಲ್ಲೈತೆ?" ಅಂತ ಮತ್ತೆ ಎರಡು. ಕಲೆ ಅನ್ನೋದು ಮೀಟರ್ ಲೆಕ್ಕದಲ್ಲಿ ಬರುತ್ತೆ ಅಂತ ನನಗೆ ಅವತ್ತೇ ಗೊತ್ತಾಗಿದ್ದು.

ಆಮೇಲೆ ಒಬ್ಬ ಹುಡುಗಿ ಮೈತುಂಬ ಲೇಸು ಹೊತ್ತುಕೊಂಡೇ ಬಂದಳು. ಚಾಚಾ ಕನ್ನಡಕ ಏರಿಸಿ ನೋಡಿ ಮೇಜು ಗುದ್ದಿದರು. "ಅರೆ! ಇದು ನಮ್ಮಂಗ್ಡಿ ಮಾಲು ಬೆಹೆನ್! ಹೊಸಾ ಮಾಲು! ಇದನ್ನ ಕಸ ಅಂತ ಹೆಂಗೆ ತಂದ್ಲು ಇವ್ಳು? ಕ್ಯಾನ್ಸಲ್ ಮಾಡಿ!"

ಹುಡುಗಿ ಕೈಯಲ್ಲಿ ಮೈಕ್ ಇತ್ತು. "ಹೊಸಾದೇ ಚಾಚಾ, ನಮ್ಮಮ್ಮಿ ಸೀರೆಗೆ ಹಾಕ್ಸಿದ್ದು. ಒಂದೇ ಒಗೆತಕ್ಕೆ ಉದ್ರೋಯ್ತು. ನಮ್ ಬೀದಿಯೋರ್ದೆಲ್ಲ ಉದ್ರಿತ್ತು, ಅದನ್ನೂ ಸೇರುಸ್ಕೊಂಡೆ. ಇನ್ನೂ ಹಿಂದಿನ್ ಬೀದಿಯೋರು..."

"ಬಸ್ ಬೇಟಾ, ಬಸ್!" ಅನ್ನುತ್ತಲೇ ಚಾಚಾ ಹತ್ತಕ್ಕೆ ಹತ್ತು ಬರೆದರು.

ಪಾವಗಡ: ಉರಿಯುವ ಕೋಟು

ಪಾವಗಡ ಅಂದ ಮೇಲೆ ಸೋಲಾರ್ ಇಲ್ಲದೆ ಇರುತ್ತಾ? ತೆಲುಗು ಬೆರೆಸಿ ಮಾತಾಡೋ ರಾಯಚರ್ಲು ಕಡೆಯವನೊಬ್ಬ ಕೆಟ್ಟುಹೋದ ಸೋಲಾರ್ ಲ್ಯಾಂಪುಗಳ ಪುಟ್ಟ ಪುಟ್ಟ ಪ್ಲೇಟು ಕಿತ್ತು ಕೋಟಿಗೆ ಹೊಲಿದುಕೊಂಡು, ಎದೆ ಮೇಲೆ ಸಣ್ಣ ಬಲ್ಬುಗಳಲ್ಲಿ ನವಿಲು ಬರೆದಿದ್ದ. ಬಂದು ಹಾಲ್ ಮಧ್ಯೆ ನಿಂತ. ನವಿಲು ಹತ್ತಲಿಲ್ಲ.

"ಯಾಕಪ್ಪಾ?"

"ಬ್ಯಾಟ್ರಿ ಇಲ್ಲ ಮೇಡಂ, ಡೈರೆಕ್ಟ್ ಸೋಲಾರ್. ಎಂಡಲೋಕಿ ರಂಡಿ, ಬಿಸಿಲಿಗೆ ಬನ್ನಿ, ತೋರಿಸ್ತೀನಿ."

ಸಭೆಗೆ ಸಭೆಯೇ ಎದ್ದು ಮಟಮಟ ಮಧ್ಯಾಹ್ನ ಮೈದಾನಕ್ಕೆ ಹೋಯಿತು. ಪಾವಗಡದ ಬಿಸಿಲು! ಕಣ್ಣು ಬಿಡೋಕೆ ಆಗದು. ಅವನು ಎದೆ ಉಬ್ಬಿಸಿ ನಿಂತ. ನಾನು ಕೈ ಮರೆ ಮಾಡಿ ನೋಡಿದೆ, ಸೆರಗು ಅಡ್ಡ ಹಿಡಿದು ನೋಡಿದೆ, ಬಲ್ಬಿಗೆ ಮೂಗು ತಾಗಿಸಿ ನೋಡಿದೆ. ಏನೂ ಕಾಣಲಿಲ್ಲ.

"ಹತ್ತಿಲ್ವಲ್ಲಪ್ಪಾ?"

"ವೆಲುಗುತಾಂದಿ ಮೇಡಂ! ಉರೀತಾ ಐತೆ! ಬಿಸ್ಲು ಜಾಸ್ತಿ, ಅದ್ಕೆ ಕಾಣ್ತಾ ಇಲ್ಲ. ನೀವು ನಂಬ್ಬೇಕಷ್ಟೆ."

ನಂಬಿದೆ. ಎರಡನೇ ಬಹುಮಾನ ಕೊಟ್ಟೆ. ನನ್ನ ಹೆಸರೂ ಅಲ್ಲಿ ಹಾಗೇ ಬೆಳಗಿತು.

ಮಧುಗಿರಿ: ಯಾರಿಗೂ ಹೇಳ್ಬೇಡಿ ಅಕ್ಕ

ಸುತ್ತಿ ಸುತ್ತಿ ಸ್ಪರ್ಧೆ ನಮ್ಮೂರಿಗೇ ಬಂತು. ಇಲ್ಲಿ ನಿಯಮ ಒಂದೇ: ಉಡುಪನ್ನು ಸ್ವಂತ ಕೈಯಲ್ಲೇ ಹೊಲಿದಿರಬೇಕು. ಟೈಲರ್ ಕೈ ಸೋಕಕೂಡದು.

ಆ ವಾರ ಒಬ್ಬೊಬ್ಬರಾಗಿ ಏಳು ಜನ ನನ್ನ ಅಂಗಡಿಗೆ ಬಂದರು. ಒಬ್ಬಳು ಹಾಲಿನ ಕವರ್ ತಂದಳು, ಒಬ್ಬಳು ಗೊಬ್ಬರದ ಚೀಲ, ಕೊಡಿಗೇನಹಳ್ಳಿ ಸ್ಕೂಲ್ ಮೇಡಮ್ಮು ಹಳೇ ಪರದೆ. ಏಳೂ ಜನರ ಬಾಯಲ್ಲಿ ಒಂದೇ ಮಾತು: "ಒಸಿ ಹೊಲ್ಕೊಟ್ಬುಡಿ, ಯಾರ್ಗೂ ಹೇಳ್ಬೇಡಿ ಅಕ್ಕ." ನನ್ನ ಬೀರುವಿನಲ್ಲಿ ಉಳಿದಿದ್ದದ್ದೇ ಆ ಏಳು ಜನರ ಅಳತೆ ಬ್ಲೌಸು. ಇಲ್ಲ ಅಂದರೆ ಏಳೂ ರಸ್ತೆ ದಾಟುತ್ತವೆ. ಬೆನ್ನು ಬಿದ್ದು ಹೋಗೋ ಹಾಗೆ ಹೊಲಿದುಕೊಟ್ಟೆ.

ಸ್ಪರ್ಧೆಯ ಹಿಂದಿನ ದಿನ ಬಂದವರು ಸಂಘಟಕರು. "ಅಕ್ಕಾ, ನಾಳೆ ನೀವೇ ಜಡ್ಜು. ಆಗಲ್ಲ ಅಂದ್ರೆ ಎದುರುಗಡೆ ಡಿಸೈನರ್‌ನ ಕೇಳ್ತೀವಿ."

"ಅವನ್ಯಾಕೆ? ನಾನು ಸತ್ತಿದ್ದೀನಾ?" ಅಂದುಬಿಟ್ಟೆ. ನನ್ನ ಬಾಯಿಗಿಷ್ಟು ಮಣ್ಣು ಹಾಕ!

ಮಾರನೇ ದಿನ ನಾನು ಹೊಲಿದ ಏಳು ಬಟ್ಟೆಗಳು ಸಾಲಾಗಿ ನನ್ನೆದುರೇ ಬಂದವು. "ಯಾರು ಹೊಲಿದದ್ದು?" ಅಂತ ಕೇಳೋದು ಜಡ್ಜಿನ ಕೆಲಸ. ಕೇಳಿದೆ. "ನಾನೇ ಮೇಡಂ" ಅಂತ ನನ್ನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದರು. ಕೊಡಿಗೇನಹಳ್ಳಿ ಮೇಡಮ್ಮಂತೂ ಬೆರಳಿಗೆ ಬ್ಯಾಂಡೇಜು ಸುತ್ತಿಕೊಂಡು ಬಂದಿದ್ದರು. "ಸೂಜಿ ಚುಚ್ಕೊಂಡ್ಬುಡ್ತು ಮೇಡಂ, ಆದ್ರೂ ಬಿಡ್ಲಿಲ್ಲ" ಅಂದರು. ಸಭೆ ಚಪ್ಪಾಳೆ ಹೊಡೆಯಿತು. ನಾನು ನನ್ನ ಸೊಂಟ ಹಿಡಿದುಕೊಂಡು ಕೂತೆ.

ಎಂಟನೆಯವಳು ಮಿಡಿಗೇಶಿ ಹುಡುಗಿ. ಹಳೇ ಕೊಡೆ ಬಟ್ಟೆಯ ಗೌನು. ದೇವರೇ, ಆ ಹೊಲಿಗೆ! ಒಂದು ತೋಳು ಉದ್ದ, ಒಂದು ಮೋಟು. ಜಿಪ್ಪು ತಲೆಕೆಳಗು. ನೆರಿಗೆ ಬೆನ್ನ ಕಡೆಗೆ ಹೊರಟು ಸೊಂಟದಲ್ಲೇ ದಾರಿ ತಪ್ಪಿತ್ತು. ಯಾರು ಹೊಲಿದದ್ದು ಅಂದೆ. ಪಾಪ, ತಲೆ ತಗ್ಗಿಸಿದಳೇ ಹೊರತು ಉಸಿರೆತ್ತಲಿಲ್ಲ.

ನನ್ನ ಕಣ್ಣು ತುಂಬಿತು. ಏಳು ಸುಳ್ಳುಬುರುಕಿಯರ ಮಧ್ಯೆ ಒಬ್ಬಳಾದರೂ ಸತ್ಯವಂತೆ! ಮೈಕ್ ಕಿತ್ತುಕೊಂಡೆ. "ನೋಡ್ರಮ್ಮಾ, ಸ್ವಂತ ಕೈ ಹೊಲಿಗೆ ಅಂದ್ರೆ ಇದು! ಇಂಥ ಹೊಲಿಗೆ ಯಾವ ಟೈಲರ್ ಕೈಲೂ ಸಾಧ್ಯ ಇಲ್ಲ!" ಪ್ರಥಮ ಬಹುಮಾನ ಕೊಟ್ಟೆ. ಪ್ರಮಾಣಪತ್ರದಲ್ಲಿ 'ಹೊಲಿಗೆ ಅತ್ಯುತ್ತಮ' ಅಂತ ಬರೆದು ದಪ್ಪಗೆ ಸಹಿ ಹಾಕಿದೆ. ಏಳು ಜನ ಹಲ್ಲು ಕಡಿದರು, ಬಾಯಿ ಬಿಟ್ಟು ಕೇಳೋ ಹಾಗಿರಲಿಲ್ಲ.

ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದರೆ ಎದುರುಗಡೆ ಜಾತ್ರೆ. ಗಾಜಿನ ಬಾಗಿಲಿಗೆ ಪ್ರಮಾಣಪತ್ರ ಅಂಟಿಸಿ ಹೂವಿನ ಹಾರ ಹಾಕಿದ್ದಾರೆ. 'ಹೊಲಿಗೆ ಅತ್ಯುತ್ತಮ'. ಕೆಳಗೆ ನನ್ನದೇ ಸಹಿ. ಆ ಗೌನು ಹೊಲಿದದ್ದು ಅವನೇ! ಹುಡುಗಿ ತಲೆ ತಗ್ಗಿಸಿದ್ದು ವಿನಯಕ್ಕಲ್ಲ, ಅದನ್ನು ತೊಟ್ಟ ನಾಚಿಕೆಗೆ.

ಮಧ್ಯಾಹ್ನದೊಳಗೆ ಏಳೂ ಜನ ಬಂದರು. "ನೀವೇ ಮೆಚ್ಚಿದ್ ಹೊಲಿಗೆ ಅಲ್ವಾ ಅಕ್ಕ, ಮುಂದಿನ್ ಸಲ ಅಲ್ಲೇ ಕೊಡ್ತೀವಿ" ಅಂತ ಅಳತೆ ಬ್ಲೌಸು ಕೇಳಿ ಇಸಕೊಂಡು ಹೋದರು. ಖಾಲಿ ಬೀರು ನೋಡಿಕೊಂಡು ಕೂತೆ. ಅಳುವೇ ಬಂತು.

ಅಂಗಡಿ ಮುಚ್ಚೋ ಹೊತ್ತಿಗೆ ಡಿಸೈನರ್ ಬಂದ. ಆ ಕಡೆ ಈ ಕಡೆ ನೋಡಿ, ಹಿಂದೆ ನಿಂತಿದ್ದ ಹೆಂಡತಿಯನ್ನು ಒಳಗೆ ಕರೆದ. ಆಕೆ ಸೆರಗಿನ ಮರೆಯಿಂದ ಒಂದು ರೇಷ್ಮೆ ಪೀಸು, ಒಂದು ಅಳತೆ ಬ್ಲೌಸು ತೆಗೆದು ನನ್ನ ಮೇಜಿನ ಮೇಲಿಟ್ಟಳು.

"ತಮ್ಮನ ಮದ್ವೆ ಅಕ್ಕ. ಇವ್ರು ಹೊಲ್ದಿದ್ದು ಹಾಕ್ಕೊಂಡು ನಾಕ್ ಜನದ್ ಮುಂದೆ ಹೆಂಗೆ ಓಡಾಡ್ಲಿ?" ಅಂದಳು.

ಅವನು ಕೈ ಮುಗಿದ. "ಯಾರ್ಗೂ ಹೇಳ್ಬೇಡಿ ಅಕ್ಕ."