ನೋಲ್ಡಿಯ ಬಂದೂಕಿಗೆ ಬಂದ ಕಾಯಿಲೆ

ಶನಿವಾರ ಬೆಳಿಗ್ಗೆ ಮನೆಯ ಮುಂದಿನ ಅಂಗಳ ಗುಡಿಸದವನನ್ನು ಒಬರ್‌ಬಾಖ್ ಊರಿನಲ್ಲಿ ಯಾರೂ ಮನುಷ್ಯರ ಲೆಕ್ಕಕ್ಕೆ ಸೇರಿಸುವುದಿಲ್ಲ. ಕಸ ಇದೆಯೋ ಇಲ್ಲವೋ ಎಂಬುದು ಮುಖ್ಯವಲ್ಲ. ಪೊರಕೆಯ ಸದ್ದು ಪಕ್ಕದ ಮನೆಗೆ ಕೇಳಿಸಬೇಕು, ಅಷ್ಟೆ. ಅಂಚೆ ಬಸ್ಸಿನ ಡ್ರೈವರ್ ನೋಲ್ಡಿ ಅಂಗಳದಲ್ಲಿದ್ದ ಎರಡೇ ಎರಡು ಎಲೆಗಳನ್ನು ಈ ತುದಿಯಿಂದ ಆ ತುದಿಗೆ ದನ ಅಟ್ಟಿದ ಹಾಗೆ ಅಟ್ಟುತ್ತಿದ್ದಾಗ ಗೇಟಿನ ಬಳಿ ಸೈಕಲ್ ಗಂಟೆ ಕೇಳಿಸಿತು.

ಬಂದವನು ಬೀರಿ. ಊರಿಗೆಲ್ಲ ರೊಟ್ಟಿ ಸುಡುವವನೂ ಅವನೇ, ಊರಿನ ಬಂದೂಕು ಸಂಘದ ಅಧ್ಯಕ್ಷನೂ ಅವನೇ. ಹುಬ್ಬಿನ ಮೇಲೆ ಇನ್ನೂ ಹಿಟ್ಟು ಕೂತಿತ್ತು.

“ಪೊರಕೆ ಕೆಳಗಿಡು ನೋಲ್ಡಿ.”

“ಏನಾಯ್ತು ಅಧ್ಯಕ್ಷರೇ?”

“ಇನ್ನೂ ಆಗಿಲ್ಲ. ಮಧ್ಯಾಹ್ನ ಆಗತ್ತೆ. ಆಗೋಕೆ ಮುಂಚೆ ಹೇಳಿ ಹೋಗೋಣ ಅಂತ ಬಂದೆ.”

ಅಂದು ವರ್ಷಕ್ಕೊಮ್ಮೆ ಬರುವ ಬಯಲು ಸ್ಪರ್ಧೆ. ದೇಶದ ಊರೂರುಗಳಲ್ಲಿ ಬಂದೂಕು ಹಿಡಿಯಬಲ್ಲವರೆಲ್ಲ ಚಾಪೆಯ ಮೇಲೆ ಮಲಗಿ ಗುರಿ ಹೊಡೆಯುತ್ತಾರೆ. ಒಬರ್‌ಬಾಖ್‌ನಿಂದ ಐವರು ಜಿಲ್ಲೆಯ ಪಂದ್ಯಕ್ಕೆ ಹೋಗಬೇಕು. ನಾಲ್ವರು ಯಾರೆಂದು ತೊಟ್ಟಿಲ ಮಕ್ಕಳಿಗೂ ಗೊತ್ತು. ಐದನೆಯ ಜಾಗ ನೋಲ್ಡಿಯ ಮಾವನದಾಗಿತ್ತು. ಮಾವ ತೀರಿಕೊಂಡ ಮೇಲೆ ಅವನ ಬಂದೂಕು ಅಳಿಯನಿಗೆ ಬಂತು. ಬಂದೂಕಿನ ಹಿಂದೆಯೇ, ಹಸುವಿನ ಹಿಂದೆ ಕರು ಬಂದ ಹಾಗೆ, ಆ ಜಾಗವೂ ಬಂತು.

“ಇವತ್ತು ನೀನು ಸರಿಯಾಗಿ ಹೊಡೆದ್ರೆ ಜಾಗ ನಿಂದು,” ಎಂದ ಬೀರಿ. “ಇಲ್ಲಾಂದ್ರೆ ನಮ್ಮೂರಿನವರಲ್ಲಿ ಇವತ್ತು ಯಾರು ಚೆನ್ನಾಗಿ ಹೊಡೀತಾರೋ ಅವರದು. ನಾನು ಒಬ್ಬನೇ ಎಷ್ಟು ದಿನ ಅಂತ ನಿನ್ನ ಪರ ಮಾತಾಡ್ಲಿ? ಬಾಯಿ ನೋಯತ್ತೆ.”

“ನನ್ನ ತಪ್ಪಲ್ಲ ಅದು. ಬಂದೂಕಿಗೇ ಏನೋ ಆಗಿದೆ.”

“ಹಾಗಾದ್ರೆ ಮಧ್ಯಾಹ್ನದೊಳಗೆ ಅದನ್ನ ವಾಸಿ ಮಾಡಿಸು.”

ಬಂದೂಕಿಗೆ ಏನೋ ಆಗಿದ್ದು ನಿಜ. ಒಂದು ಶನಿವಾರ ಅದರ ಗುಂಡುಗಳೆಲ್ಲ ಗುರಿಹಲಗೆಯ ಕಪ್ಪು ಬೊಟ್ಟಿನ ನಡುವೆ ಕೋಳಿಮರಿಗಳ ಹಾಗೆ ಒತ್ತಿಕೊಂಡು ಕೂರುತ್ತಿದ್ದವು. ಮುಂದಿನ ಶನಿವಾರ ಅದೇ ಬಂದೂಕು, ಅದೇ ನೋಲ್ಡಿ. ಗುಂಡುಗಳು ಮಾತ್ರ ಸಂಸಾರ ಸಮೇತ ಮೇಲೆ ಎಡಗಡೆಗೆ ವಲಸೆ ಹೋಗಿರುತ್ತಿದ್ದವು. ಗುಂಡನ್ನು ಬೈಯುವಂತಿರಲಿಲ್ಲ, ಸೈನ್ಯದವರು ಕೊಡುವ ಒಂದೇ ಪೆಟ್ಟಿಗೆಯಿಂದ ಎಲ್ಲರಿಗೂ ಹಂಚುತ್ತಿದ್ದರು. ಬಂದೂಕಿನ ಹಿಂಬದಿಯಲ್ಲಿ ಗುರಿ ನೋಡುವ ಕಿಂಡಿಗೆ, ಅಂದರೆ ಹಿಂಗಣ್ಣಿಗೆ, ಇರುವ ತಿರುಪನ್ನು ನೋಲ್ಡಿ ಪ್ರತಿ ಸಲವೂ ತನ್ನ ಕಣ್ಣಿಗೆ ಹೊಂದುವ ಹಾಗೆ ತಿರುಗಿಸಿ ಸರಿಮಾಡುತ್ತಿದ್ದ. ಸರಿಮಾಡಿದ್ದು ಕೆಲವು ವಾರ ನಿಲ್ಲುತ್ತಿತ್ತು, ಕೆಲವು ವಾರ ನಿಲ್ಲುತ್ತಿರಲಿಲ್ಲ.

ಬೀರಿಯ ಸೈಕಲ್ ತಿರುವು ದಾಟುವಷ್ಟರಲ್ಲಿ ಬೇಲಿಯ ಮೇಲೆ ಒಂದು ಟೋಪಿ ಎದ್ದಿತು. ಪಕ್ಕದ ಮನೆಯ ಕ್ರೆಬ್ಸ್. ಪೊರಕೆಯ ಸದ್ದು ನಿಂತಿದ್ದು ಅವನಿಗೆ ಕೇಳಿಸಿತ್ತು.

“ಎಲ್ಲಾ ಕೇಳಿಸ್ಕೊಂಡೆ. ತಪ್ಪು ತಿಳೀಬೇಡ, ಬೇಕು ಅಂತ ಕೇಳಿಸ್ಕೊಂಡಿದ್ದಲ್ಲ. ಹೆಂಡತಿ ಕರೆದು ಕೇಳು ಅಂದ್ಲು.”

ಕ್ರೆಬ್ಸ್ ಇನ್ನೂ ತಾತನ ಕಾಲದ ಬಂದೂಕಿನಲ್ಲೇ ಹೊಡೆಯುವವನು. ಪ್ರತಿ ಗುಂಡಿಗೂ ಅಗುಳಿ ಎಳೆದು ತಳ್ಳಬೇಕಾದದ್ದು. ನೋಲ್ಡಿಯದು ಒಂದು ಗುಂಡು ಹಾರಿದ ಕೂಡಲೇ ಮುಂದಿನದನ್ನು ತಾನೇ ನಳಿಗೆಗೆ ತುಂಬಿಕೊಳ್ಳುವ ಜಾತಿ.

“ನಾನು ಮೊದ್ಲೇ ಹೇಳಿದ್ದೆ,” ಎಂದ ಕ್ರೆಬ್ಸ್, ಸಲಕರಣೆ ಪೆಟ್ಟಿಗೆಯನ್ನು ಬೇಲಿಯ ಮೇಲಿಂದ ದಾಟಿಸುತ್ತಾ. “ತಾನಾಗೇ ಗುಂಡು ತುಂಬಿಕೊಳ್ಳೋ ಬಂದೂಕಿಗೆ ತಾನಾಗೇ ಗುರಿ ಬದಲಾಯಿಸೋದೂ ಗೊತ್ತಿರತ್ತೆ. ಅದಕ್ಕೆ ಸದರ ಕೊಟ್ಟಿದೀರಿ ನೀವು. ಎಲ್ಲೋ ತಿರುಪು ಸಡಿಲ ಆಗಿದೆ, ಬಿಚ್ಚಿ ನೋಡೋಣ.”

ಅಡುಗೆಮನೆಯ ಮೇಜಿನ ಒಂದು ತುದಿಯಲ್ಲಿ ನೋಲ್ಡಿಯ ಅತ್ತೆ ಬೆರ್ತಜ್ಜಿ ಭಾನುವಾರದ ಜಡೆ ರೊಟ್ಟಿಗೆ ಹಿಟ್ಟು ಹೆಣೆಯುತ್ತಿದ್ದಳು. ಇನ್ನೊಂದು ತುದಿಯಲ್ಲಿ ಕ್ರೆಬ್ಸ್ ಬಂದೂಕನ್ನು ಬಿಚ್ಚಿ ಹರವಿದ. ನೋಲ್ಡಿಯ ಹೆಂಡತಿ ಕೇತಿ ಬೆಳಗಾಗುತ್ತಲೇ ಸಂಘದ ಅಡುಗೆಗೆ ಹೋಗಿದ್ದಳು. ಏಳು ವರ್ಷದ ಮಗಳು ಟ್ರೂಡಿ ಮೇಜಿನ ಅಂಚಿಗೆ ಗದ್ದ ಊರಿ ನಿಂತಿದ್ದಳು.

“ಎಣ್ಣೆ ಕೈಯಲ್ಲಿ ನನ್ನ ಹಿಟ್ಟು ಮುಟ್ಟಿದ್ರೆ ಬೆರಳು ಉಳಿಯಲ್ಲ ಕ್ರೆಬ್ಸ್,” ಎಂದಳು ಬೆರ್ತಜ್ಜಿ.

“ನಾನ್ಯಾಕೆ ಮುಟ್ಟಲಿ ತಾಯೀ. ಎಲ್ಲಾ ತಿರುಪೂ ಬಿಗಿಯಾಗೇ ಇದೆಯಲ್ಲ... ಹಾಗಾದ್ರೆ ಯಾರೋ ಕಣ್ಣು ಹಾಕಿರಬೇಕು.”

“ಅಪ್ಪಾ...” ಎಂದು ಟ್ರೂಡಿ ಬಾಯಿ ತೆರೆದಳು. ಬೆರ್ತಜ್ಜಿ ಆ ಬಾಯಿಗೆ ಒಂದು ಹಿಡಿ ಒಣದ್ರಾಕ್ಷಿ ಹಾಕಿದಳು. ಮಗು ಅಗಿಯತೊಡಗಿತು.

ಕ್ರೆಬ್ಸ್ ಎಲ್ಲವನ್ನೂ ಮತ್ತೆ ಜೋಡಿಸಿದ. ಕೊನೆಗೆ ಮೇಜಿನ ಮೇಲೆ ಒಂದು ತಿರುಪು ಉಳಿಯಿತು. ಇಬ್ಬರೂ ಅದನ್ನು ಅಪರಿಚಿತ ಶವವನ್ನು ನೋಡುವ ಹಾಗೆ ನೋಡಿದರು.

“ಅದು ಕಾಫಿ ಬೀಸೋ ಯಂತ್ರದ್ದು,” ಎಂದಳು ಬೆರ್ತಜ್ಜಿ, ತಲೆ ಎತ್ತದೆ. “ಬಂದೂಕಿನದ್ದಲ್ಲ.”

ಸ್ಪರ್ಧೆ ಶುರುವಾಗುವ ಮೊದಲು ಮೈದಾನದ ಅಂಚಿನ ಗುರಿಯಲ್ಲಿ ಪರೀಕ್ಷೆ ಮಾಡಿಕೊಳ್ಳಲು ಬೀರಿ ಒಪ್ಪಿದ. ದೂರದ ಗುರಿಯ ಕೆಳಗಿನ ಹೊಂಡದಲ್ಲಿ ಕೂತವರು ಪ್ರತಿ ಗುಂಡು ತಾಗಿದ ಜಾಗವನ್ನು ಉದ್ದ ಕೋಲಿನ ತಟ್ಟೆಯಿಂದ ತೋರಿಸುತ್ತಿದ್ದರು. ಮೊದಲ ಗುಂಡು: ಮೇಲೆ ಎಡಕ್ಕೆ. ಎರಡನೆಯದು: ಮೇಲೆ ಎಡಕ್ಕೆ. ಮೂರನೆಯದೂ ಅಣ್ಣಂದಿರನ್ನು ಬಿಟ್ಟಿರಲಾರದೆ ಅಲ್ಲಿಗೇ ಹೋಯಿತು.

“ಗುಂಡುಗಳ ಒಗ್ಗಟ್ಟು ಚೆನ್ನಾಗಿದೆ,” ಎಂದಿತು ಒಂದು ದನಿ. “ವಿಳಾಸ ತಪ್ಪಾಗಿದೆ.”

ಗಡಿಯಾರದ ಅಂಗಡಿಯ ವಿಡ್ಮರ್, ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಬಂದಿದ್ದ. ನೋಲ್ಡಿ ಹಿಂಗಣ್ಣಿನ ತಿರುಪನ್ನು ಟಿಕ್ ಟಿಕ್ ಎಂದು ತಿರುಗಿಸಿ ಮತ್ತೆ ಹೊಡೆದ. ತಟ್ಟೆ ನೇರ ಕಪ್ಪು ಬೊಟ್ಟಿನ ನಡುವೆ ನಿಂತಿತು. ಮತ್ತೊಂದು. ಅದೂ ನಡುವೆ.

“ನೋಡಿದ್ಯಾ?” ಎಂದ ನೋಲ್ಡಿ. “ಸರಿಮಾಡಿದ್ರೆ ಸರಿಯಾಗತ್ತೆ. ಮನೇಲಿ ಸುಮ್ನೆ ಆಲೂಗಡ್ಡೆ ಪೆಟ್ಟಿಗೆ ಪಕ್ಕ ನಿಂತಿದ್ರೂ ಮತ್ತೆ ಜಾರಿಬಿಡತ್ತೆ.”

“ತಿರುಪಿನ ಹಲ್ಲು ಸವೆದಿದೆ,” ಎಂದು ವಿಡ್ಮರ್ ತೀರ್ಪು ಕೊಟ್ಟ. “ನಿಂತಲ್ಲೇ ಜಾರತ್ತೆ. ಮುದುಕನ ಪ್ಯಾಂಟಿನ ಹಾಗೆ. ಬೆಲ್ಟು ಹಾಕಬೇಕು, ಅಷ್ಟೆ. ಕೇತೀ, ನಿನ್ನ ಹತ್ರ ಉಗುರಿಗೆ ಹಚ್ಚೋ ಬಣ್ಣ ಇದೆಯೇನಮ್ಮಾ?”

“ಮನೇಲಿ ಕಿಟಕಿ ಹತ್ರ ಇದೆ, ಕೆಂಪು,” ಎಂದು ಕೇತಿ ಸಾಸೇಜಿನ ಹೊಗೆಯೊಳಗಿಂದ ಕೂಗಿದಳು. “ನನ್ನ ಗಂಡನಿಗೆ ಹಚ್ಚಬೇಡಿ.”

ಎಲ್ಲರೂ ನೋಲ್ಡಿಯ ಮನೆಗೇ ಬಂದರು. ತಿರುಪು ಸರಿಯಾದ ಜಾಗದಲ್ಲಿರುವಾಗಲೇ ವಿಡ್ಮರ್ ಅದರ ಮೇಲೂ ಪಕ್ಕದ ಕಬ್ಬಿಣದ ಮೇಲೂ ಒಟ್ಟಿಗೆ ಬರುವ ಹಾಗೆ ಬಣ್ಣದ ಒಂದು ದಪ್ಪ ಬೊಟ್ಟಿಟ್ಟ. ಇನ್ನು ತಿರುಪು ಒಂದು ಕೂದಲಷ್ಟು ಅಲುಗಿದರೂ ಆ ಮುದ್ರೆ ಬಿರುಕು ಬಿಡುತ್ತದೆ, ಕಳ್ಳ ಸಿಕ್ಕಿಬೀಳುತ್ತಾನೆ.

“ಚೆನ್ನಾಗಿ ಒಣಗಬೇಕು. ಯಾರೂ ಮುಟ್ಟಕೂಡದು. ನೋಲ್ಡಿ, ನೀನಂತೂ ಆ ಕಡೆ ಉಸಿರೂ ಬಿಡಬೇಡ.”

“ನಾನೆಲ್ಲಿ ಮುಟ್ಟಲಿ? ಮಧ್ಯಾಹ್ನದ ಬಸ್ಸು ನಂದೇ. ಬೆಟ್ಟಕ್ಕೆ ಹೋಗಿ ಬಂದ್ಮೇಲೇ ನನ್ನ ಸರದಿ.”

“ಬಂದೂಕಿನ ಯೋಚನೆ ಬಿಡು,” ಎಂದಳು ಬೆರ್ತಜ್ಜಿ, ಕೈ ಒರೆಸಿಕೊಳ್ಳುತ್ತಾ. “ನಾನಿದೀನಿ. ಸಂಜೆಗೆ ಮುಂಚೆ ಪಕ್ಕದ ಉಂಟರ್‌ಬಾಖ್‌ಗೆ, ತಂಗಿ ಮನೆಗೆ, ಒಂದು ಗಳಿಗೆ ಹೋಗಿ ಬರ್ತೀನಿ. ಅಷ್ಟರಲ್ಲಿ ಒಣಗಿರತ್ತೆ.”

“ಅತ್ತೆ, ನೀವಿಲ್ಲದಿದ್ರೆ ನನ್ನ ಗತಿ ಏನು!” ಎಂದ ನೋಲ್ಡಿ, ಕಣ್ಣು ತುಂಬಿ.

ಟ್ರೂಡಿ ಅಪ್ಪನನ್ನೂ ಅಜ್ಜಿಯನ್ನೂ ನೋಡಿ ಮತ್ತೆ ಬಾಯಿ ತೆರೆದಳು. ಈ ಸಲ ಒಣಗಿಸಿದ ಪೇರುಹಣ್ಣಿನ ಹೋಳು ಬಂತು. ಅದು ಅಗಿದು ಮುಗಿಯುವ ಹಣ್ಣಲ್ಲ.

ನೋಲ್ಡಿ ಬಸ್ಸನ್ನು ಬೆಟ್ಟದ ತಿರುವುಗಳಲ್ಲಿ ಸೂಜಿಗೆ ದಾರ ಪೋಣಿಸಿದ ಹಾಗೆ ಓಡಿಸಿಕೊಂಡು ಹೋಗಿ ಬಂದ. ಮನೆಗೆ ಬಂದಾಗ ಬಂದೂಕು ಇಟ್ಟಲ್ಲೇ ಇತ್ತು. ಮುದ್ರೆ ಹೊಳೆಯುತ್ತಿತ್ತು, ಬಿರುಕಿನ ಸುಳಿವೂ ಇರಲಿಲ್ಲ. ಮೈದಾನದಲ್ಲಿ ವಿಡ್ಮರ್ ಭೂತಗನ್ನಡಿಯಲ್ಲಿ ಅದನ್ನು ನೋಡಿ, ಬೀರಿಗೂ ತೋರಿಸಿ, ಸಾಲಿನಲ್ಲಿ ನಿಂತ ಪಾದ್ರಿಗೂ ತೋರಿಸಿದ.

“ಇನ್ನು ಇವನು ಕಣ್ಣು ಮುಚ್ಚಿ ಹೊಡೆದರೂ ಸರಿಯೇ,” ಎಂದ.

ನೋಲ್ಡಿ ಚಾಪೆಯ ಮೇಲೆ ಬೋರಲು ಮಲಗಿ, ಹಿಡಿಯನ್ನು ಭುಜಕ್ಕೆ ಒತ್ತಿ, ಅರ್ಧ ಉಸಿರು ಬಿಟ್ಟು, ಬಂದೂಕಿನ ಕುದುರೆ ಎಳೆದ. ಬಯಲು ಸ್ಪರ್ಧೆಯಲ್ಲಿ ಅಭ್ಯಾಸದ ಗುಂಡು ಇಲ್ಲ, ಹಾರಿದ್ದೆಲ್ಲ ಲೆಕ್ಕಕ್ಕೆ.

ತಟ್ಟೆ ಎದ್ದಿತು. ಮೇಲೆ ಎಡಕ್ಕೆ.

“ಗಾಳಿ ಇರಬೇಕು,” ಎಂದ ಕ್ರೆಬ್ಸ್. ಬಾವುಟದ ಬಟ್ಟೆ ಒಣಹಾಕಿದ ಲಂಗದ ಹಾಗೆ ನೇರ ಕೆಳಗೆ ನೇತಾಡುತ್ತಿತ್ತು.

ಎರಡನೆಯದೂ ಮೇಲೆ ಎಡಕ್ಕೆ. ನೋಲ್ಡಿಯ ಕೈ ತಿರುಪಿನ ಕಡೆ ಹೋಯಿತು.

“ಮುಟ್ಟೀಯಾ!” ಎಂದು ವಿಡ್ಮರ್ ಹಿಂದಿನಿಂದ ಕಿರುಚಿದ. “ನನ್ನ ಮುದ್ರೆ! ತಿರುಪು ಸರಿಯಾದ ಜಾಗದಲ್ಲೇ ಇದೆ, ನಾನೇ ನೋಡಿದೀನಿ!”

ಮುಟ್ಟಬಾರದಾದ್ದರಿಂದ ನೋಲ್ಡಿ ಬೇಕೆಂದೇ ಕೆಳಗೆ ಬಲಕ್ಕೆ ಗುರಿ ಹಿಡಿದ. ಗುಂಡು ಕೆಳಗೆ ಬಲಕ್ಕೇ ಹೋಯಿತು. ಗಾಬರಿಯಲ್ಲಿ ಇನ್ನೊಂದನ್ನು ಎಲ್ಲಿಗೋ ಹಿಡಿದ. ಹೊಂಡದವರು ತಟ್ಟೆ ಬಿಟ್ಟು, ರೈಲು ಹೊರಟಾಗ ನೆಂಟರು ಬೀಳ್ಕೊಡುವ ಹಾಗೆ, ಬಾವುಟವನ್ನು ಆಚೀಚೆ ಬೀಸಿದರು. ಎಂದರೆ ಹಲಗೆಗೇ ತಾಗಿಲ್ಲ. ಆಮೇಲಿನ ಸುತ್ತು ಒಂದೇ ನಿಮಿಷದಲ್ಲಿ ಮುಗಿಸಬೇಕಾದ್ದು. ಬಂದೂಕು ತಾನಾಗೇ ಗುಂಡು ತುಂಬಿಕೊಡುತ್ತಲೇ ಇತ್ತು, ಬೇಡ ಬೇಡ ಎಂದರೂ ಬಡಿಸುವ ಬೀಗಿತ್ತಿಯ ಹಾಗೆ.

ಮುಗಿದ ಮೇಲೆ ಎಲ್ಲರೂ ಬಂದೂಕಿನ ಸುತ್ತ ಬಗ್ಗಿದರು. ವಿಡ್ಮರ್ ಬಹಳ ಹೊತ್ತು ನೋಡಿ ಕನ್ನಡಿ ತೆಗೆದ.

“ಮುದ್ರೆ ಒಡೆದಿಲ್ಲ. ತಿರುಪು ಅಲುಗಿಲ್ಲ. ಅಂದ್ರೆ ಬಂದೂಕಿನ ತಪ್ಪಿಲ್ಲ.”

“ತಿರುಪುಗಳೂ ಬಿಗಿ, ನಾನೇ ನೋಡಿದ್ದು,” ಎಂದ ಕ್ರೆಬ್ಸ್. “ಅಂದ್ರೆ...”

ಬಗ್ಗಿದ್ದ ತಲೆಗಳೆಲ್ಲ ಒಂದೊಂದಾಗಿ ಎದ್ದು ನೋಲ್ಡಿಯ ಕಡೆ ತಿರುಗಿದವು.

ಬಂದೂಕನ್ನು ಬಿಟ್ಟವರು ನೋಲ್ಡಿಯನ್ನು ಬಿಚ್ಚಲು ಶುರುಮಾಡಿದರು. ಕಣ್ಣಿನ ದೋಷ ಎಂದನೊಬ್ಬ. ಪಿತ್ತ ಎಂದನೊಬ್ಬ. ಬಸ್ಸಿನ ಸೀಟಿನಲ್ಲಿ ಕೂತು ಕೂತು ಸೊಂಟ ಎಡಕ್ಕೆ ವಾಲಿದೆ ಎಂದು ಪಾದ್ರಿ ಮೆಲ್ಲಗೆ ಸೂಚಿಸಿದ. “ಬಂದೂಕು ಬಿಗಿ, ಮನುಷ್ಯ ಸಡಿಲ,” ಎಂದು ಕ್ರೆಬ್ಸ್ ಸಾರಾಂಶ ಹೇಳಿದ. ಇಷ್ಟು ದಿನ ನೋಲ್ಡಿಯ ಹತ್ತಿರ ಇದ್ದದ್ದು ಒಂದೇ ಆಸ್ತಿ: ‘ನನ್ನ ತಪ್ಪಲ್ಲ’ ಎನ್ನುವ ಮಾತು. ಅದೂ ಹೋಯಿತು. ಕೇತಿ ಅವನನ್ನು ಕೇಳದೆಯೇ ತಟ್ಟೆಗೆ ಇನ್ನೊಂದು ಸಾಸೇಜು ಹಾಕಿದಳು. ಅವಳು ಹಾಗೆ ಕೇಳದೆ ಬಡಿಸುವುದು ಮನೆಯಲ್ಲಿ ಯಾರಿಗಾದರೂ ಜ್ವರ ಬಂದಾಗ ಮಾತ್ರ.

ಬಿಸಿಲು ಇಳಿಯುವ ಹೊತ್ತಿಗೆ ಬೆರ್ತಜ್ಜಿ ಹೆಣಿಗೆಯ ಚೀಲ ಹಿಡಿದು, ಟ್ರೂಡಿಯನ್ನು ಕೈಹಿಡಿದು ಮೈದಾನಕ್ಕೆ ಬಂದಳು. ಉದ್ದ ಬೆಂಚುಗಳ ಮೇಲೆ ಊರೆಲ್ಲ ಕೂತಿತ್ತು. ಅಳಿಯನ ಮುಖ ನೋಡಿ, “ಏನಾಯ್ತು?” ಎಂದಳು.

“ಮೇಲೆ ಎಡಕ್ಕೆ, ಅತ್ತೆ.”

“ಅಯ್ಯೋ,” ಎಂದಳು ಬೆರ್ತಜ್ಜಿ. ಏನೋ ನೆನಪಾದವಳಂತೆ ನಾಲಗೆ ಕಚ್ಚಿಕೊಂಡು, ಚೀಲದಿಂದ ಹೆಣಿಗೆ ತೆಗೆದು ಬಹಳ ವೇಗವಾಗಿ ಹೆಣೆಯತೊಡಗಿದಳು.

ಬೀರಿ ಬೆಂಚಿನ ಮೇಲೆ ಹತ್ತಿ ನಿಂತ. “ಮೊದಲ ನಾಲ್ಕು ಹೆಸರು ನಿಮಗೇ ಗೊತ್ತು, ಬಾಯಿ ನೋಯಿಸ್ಕೊಳ್ಳಲ್ಲ. ಐದನೇದು ಹೇಳ್ತೀನಿ. ನಮ್ಮೂರಿನವರು ಉಂಟರ್‌ಬಾಖ್ ಮೈದಾನದಲ್ಲಿ ಹೊಡೆದ್ರೂ ಅಂಕ ನಮ್ಮೂರಿಗೇ ಸೇರತ್ತೆ. ಈಗ ಅಲ್ಲಿಂದ ಫೋನ್ ಬಂತು. ಮಧ್ಯಾಹ್ನ ನಮ್ಮವರೊಬ್ಬರು ಅಲ್ಲಿ ಹೊಡೆದಿದ್ದಾರೆ. ಒಂದು ಗುಂಡೂ ಆಚೆ ಹೋಗಿಲ್ಲ. ಬುಧವಾರ ಬುಧವಾರ ಅಲ್ಲಿ ಅಭ್ಯಾಸಾನೂ ಮಾಡ್ತಿದ್ರಂತೆ, ನಮಗೆ ಯಾರಿಗೂ ಒಂದು ಮಾತೂ ಹೇಳದೆ!” ಅವನು ಟೋಪಿ ತೆಗೆದ. “ಐದನೇ ಜಾಗ ನಮ್ಮ ಬೆರ್ತಜ್ಜಿಗೆ. ಗಂಡನ ಜಾಗ ಹೆಂಡತಿಗೆ ಬಂತು!”

ಬೆಂಚುಗಳು ಗುಡುಗಿದವು. ಕೇತಿ ಕೈಯಲ್ಲಿದ್ದ ಚಿಮಟ ಬಿಟ್ಟು ಓಡಿಬಂದು ಅಮ್ಮನನ್ನು ತಬ್ಬಿಕೊಂಡಳು. ಬೀರಿ ಬೆರ್ತಜ್ಜಿಯ ರವಿಕೆಗೆ ಬೆಳ್ಳಿಯ ಬಿಲ್ಲೆ ಚುಚ್ಚಿದ. ಬೆರ್ತಜ್ಜಿಯ ಮುಖ ಹಣ್ಣಾದ ಚೆರ್ರಿಯಾಗಿತ್ತು.

ನೋಲ್ಡಿ ಒಳ್ಳೆಯ ಮನುಷ್ಯ. ಜಾಗ ಹೋದ ನೋವನ್ನು ಸಾಸೇಜಿನ ಜೊತೆ ನುಂಗಿ, ಎದ್ದು ಹೋಗಿ ಅತ್ತೆಯ ಎರಡೂ ಕೈ ಹಿಡಿದ.

“ಅತ್ತೆ, ತುಂಬಾ ಸಂತೋಷ. ನಿಜವಾಗ್ಲೂ. ಆದ್ರೆ ಒಂದು ಮಾತು.” ಅವನ ದನಿ ತಗ್ಗಿತು. “ನಮ್ಮನೇದು ಹೀಗೆ ಕೆಟ್ಟು ಕೂತಿದೆ. ನಿಮಗೆ ಅಷ್ಟು ಒಳ್ಳೇ ಬಂದೂಕು ಕೊಟ್ಟ ಪುಣ್ಯಾತ್ಮ ಯಾರು? ಮುಂದಿನ ಶನಿವಾರ ನನಗೂ ಒಂದ್ಸಲ ಕೊಡಿಸ್ತೀರಾ?”

ಬೆಂಚುಗಳೆಲ್ಲ ಉತ್ತರ ಕೇಳಲು ಮುಂದಕ್ಕೆ ಬಾಗಿದವು. ಬೆರ್ತಜ್ಜಿಯ ಕೈ ಚೀಲದೊಳಗೆ ತಡಕಾಡಿತು. ದ್ರಾಕ್ಷಿ ಇರಲಿಲ್ಲ. ಪೇರುಹಣ್ಣೂ ಮುಗಿದಿತ್ತು. ಟ್ರೂಡಿ ಬಾಯಲ್ಲಿದ್ದುದನ್ನು ನುಂಗಿ, ಬೆಳಗಿನಿಂದ ಇದ್ದ ಭಾರವನ್ನು ಇಳಿಸುವವಳಂತೆ ಗಟ್ಟಿಯಾಗಿ ಕೇಳಿದಳು:

“ಅಜ್ಜೀ, ಹೊಡೆದು ಬಂದ್ಮೇಲೆ ನನ್ನ ಕೇಳೋದು ಮರೀಬೇಡ ಅಂತ ಪ್ರತಿ ಸಲ ನೀನೇ ಹೇಳ್ತೀಯಲ್ಲಾ... ಇವತ್ತು ಅಮ್ಮನ ಬಣ್ಣ ಮತ್ತೆ ಹಚ್ಚೋಕೆ ಮುಂಚೆ ತಿರುಪನ್ನ ಅಪ್ಪನ ಜಾಗಕ್ಕೆ ವಾಪಸ್ ತಿರುಗಿಸಿದ್ಯಾ?”